ರಸ್ತೆ ಕಾಣದ ಕಾರುಗಳು

ಕಾಪುವಿನ ಭುಜಂಗನ ಮನೆಯಲ್ಲಿ ದೇವರ ಕೋಣೆಗೆ ಬಾಗಿಲೇ ಇರಲಿಲ್ಲ; ಬೀಗ ಇದ್ದದ್ದು ಕಾರಿನ ಕಪಾಟಿಗೆ. ಬೀಗದ ಕೈ ಹೆಂಡತಿ ವಾರಿಜಳ ಬಳಿ ಇರುತ್ತಿತ್ತು, ಅಪ್ಪಣೆ ಮಾತ್ರ ಶಾರ್ಜಾದಿಂದ ಬರುತ್ತಿತ್ತು. ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಯಾರು ಮುಟ್ಟಬಾರದು ಎಂಬುದನ್ನೆಲ್ಲ ಅಲ್ಲಿ ದುಡಿಯುತ್ತಿದ್ದ ಭುಜಂಗ ಫೋನಿನಲ್ಲೇ ಹೇಳುತ್ತಿದ್ದ. ಮುಟ್ಟಬಾರದವರ ಪೈಕಿ ಆ ಮನೆಯಲ್ಲಿದ್ದದ್ದು ಒಬ್ಬನೇ, ಮಗ ಉಜ್ವಲ್.

ಆ ಉಜ್ವಲ್ ಈಗ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದ. ಹತ್ತೊಂಬತ್ತರ ಹುಡುಗ, ರಕ್ತದ ಕ್ಯಾನ್ಸರ್. ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಕಾಲಿಟ್ಟವನು ಕ್ಲಾಸಿಗಿಂತ ಹೆಚ್ಚು ವಾರ್ಡುಗಳನ್ನೇ ಕಂಡಿದ್ದ. ಸುದ್ದಿ ಕೇಳಿದ ವಾರದಲ್ಲೇ ಭುಜಂಗ ಗಲ್ಫಿನ ಕೆಲಸಕ್ಕೆ ಕೈಮುಗಿದು ಊರಿಗೆ ಬಂದಿದ್ದ. ಆಟಿ ತಿಂಗಳ ಮಳೆ ಬಂದು ಹೋಯಿತು, ಸೋಣ ತಿಂಗಳ ಬಿಸಿಲೂ ಬಂತು, ಹುಡುಗನ ಮೈಯಲ್ಲಿ ಮಾತ್ರ ಯಾವ ಮದ್ದೂ ನಿಲ್ಲಲಿಲ್ಲ. ಆ ಬೆಳಿಗ್ಗೆ ಡಾಕ್ಟರು ಭುಜಂಗನನ್ನು ವರಾಂಡಕ್ಕೆ ಕರೆದು, ಇನ್ನು ಮದ್ದು ಬದಲಿಸಿ ಪ್ರಯೋಜನವಿಲ್ಲ, ನೋವಾಗದ ಹಾಗೆ ನೋಡಿಕೊಳ್ಳುವ, ಅವನಿಗೆ ಏನಾದರೂ ಆಸೆ ಇದ್ದರೆ ತಡಮಾಡಬೇಡಿ ಎಂದಿದ್ದರು. ಭುಜಂಗ ತಲೆಯಾಡಿಸಿದ.

ಒಳಗೆ ಬಂದು ಮಗನ ಪಕ್ಕ ಕೂತ. ವಾರಿಜಾ ಗೋಡೆಗೆ ಒರಗಿ ನಿಂತಿದ್ದಳು. ಗಂಡನ ಮುಖ ನೋಡಿದವಳೇ ಕಿಟಕಿಯ ಕಡೆ ತಿರುಗಿದಳು.

"ಎಂತ ಬೇಕು ಮಗ? ಬೊಂಡದ ನೀರು ತರಲಾ?"

"ಬೊಂಡ ಬೇಡ." ಉಜ್ವಲನ ತುಟಿ ಒಡೆದಿತ್ತು, ಮಾತು ಮೆಲ್ಲಗೆ ಬರುತ್ತಿತ್ತು. "ಪಪ್ಪ, ಆ ಬೆಳ್ಳಿ ಬಣ್ಣದ ಕಾರು ಉಂಟಲ್ಲ, ಬಾಗಿಲಿಲ್ಲದ್ದು. ಅದರ ಮುಚ್ಚಳ ನಿಜವಾಗಿ ಏಳುತ್ತದಾ?"

"ಏಳುತ್ತದೆ ಮಗ. ಏಳದೆ ಎಂತ?"

"ನೀವು ನೋಡಿದ್ದೀರಾ?"

ಭುಜಂಗ ನೋಡಿರಲಿಲ್ಲ. ಅವನ ಕಾರು, ಅವನ ಕಪಾಟು, ಆದರೂ ಅವನೇ ನೋಡಿರಲಿಲ್ಲ.

"ತಂದು ತೋರಿಸಬಹುದಾ?" ಎಂದ ಉಜ್ವಲ್. ಆಮೇಲೆ ಅಪ್ಪನಿಗೆ ಕಷ್ಟವಾದೀತೆಂದು ಸೇರಿಸಿದ, "ಪೆಟ್ಟಿಗೆ ತೆರೆಯಬೇಕು ಅಂತ ಇಲ್ಲ."

ಆ ಕೊನೆಯ ಮಾತು ಭುಜಂಗನಿಗೆ ತಾಗಿತು. ಅದರ ಜೊತೆಗೆ, ಹೇಳಲು ನಾಚಿಕೆಯಾಗುವಂಥ ಒಂದು ಖುಷಿಯೂ ಆಯಿತು. ಇಷ್ಟು ತಿಂಗಳಲ್ಲಿ ಮಗ ಕೇಳಿದ್ದರಲ್ಲಿ ಅವನ ಕೈಯಲ್ಲಿ ಸಾಧ್ಯವಿದ್ದದ್ದು ಇದೊಂದೇ.

"ಪೆಟ್ಟಿಗೆ ತೆರೆದೇ ಕೊಡುತ್ತೇನೆ. ಸಂಜೆಯೊಳಗೆ ನಿನ್ನ ಕೈಯಲ್ಲಿರುತ್ತದೆ," ಎಂದು ಎದ್ದು ನಿಂತ.

ಈ ಕಾರುಗಳ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಶಾರ್ಜಾದಲ್ಲಿ ಭುಜಂಗ ಒಬ್ಬ ಸಿರಿವಂತ ಅರಬನ ಮನೆಯಲ್ಲಿ ಡ್ರೈವರ್. ಆ ಅರಬನಿಗೆ ದೊಡ್ಡ ಕಾರುಗಳ ಹುಚ್ಚು ಇತ್ತು, ಅದಕ್ಕಿಂತ ಹೆಚ್ಚಾಗಿ ಪುಟ್ಟ ಕಾರುಗಳ ಹುಚ್ಚು. ಅದರಲ್ಲೂ ಪೇಟೆಯಲ್ಲಿ ಓಡಾಡುವ ಮಾಮೂಲಿ ಕಾರು ಅವನಿಗೆ ಹಿಡಿಸದು. ಕಂಪನಿಗಳು ಪರೀಕ್ಷೆಗೆಂದು ಒಂದೋ ಎರಡೋ ತಯಾರಿಸಿ, ಪ್ರದರ್ಶನದಲ್ಲಿ ದೀಪದ ಕೆಳಗೆ ತಿರುಗಿಸಿ, ಜನರ ಬಾಯಲ್ಲಿ ನೀರೂರಿಸಿ, ಆಮೇಲೆ ಮಾರಾಟಕ್ಕೆ ಬಿಡದೆ ಗೋದಾಮಿಗೆ ತಳ್ಳಿದ ಸ್ಪೋರ್ಟ್ಸ್ ಕಾರುಗಳಿರುತ್ತವಲ್ಲ, ಪ್ರೋಟೋಟೈಪ್ ಎನ್ನುತ್ತಾರೆ, ಅವುಗಳ ಮಾದರಿಗಳೇ ಬೇಕು. ಆರು ಚಕ್ರದ್ದು, ವಿಮಾನದ ಇಂಜಿನ್ನಿನದ್ದು, ಚಪ್ಪಲಿಯಷ್ಟು ತಗ್ಗಿನದ್ದು. ಅಂಗೈಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಕಾರಿನಲ್ಲಿ ಸೀಟಿನ ಹೊಲಿಗೆ ಕೂಡ ಕಾಣುತ್ತಿತ್ತು. ಭುಜಂಗ ರಜೆಗೆ ಹೊರಡುವಾಗಲೆಲ್ಲ ಒಂದನ್ನು ಅವನ ಕೈಗಿಟ್ಟು, ಉಪದೇಶವನ್ನೂ ಕೊಡುತ್ತಿದ್ದ: ಪೆಟ್ಟಿಗೆಯ ಸೀಲು ಒಡೆದರೆ ಇದು ಆಟಿಕೆ, ಒಡೆಯದಿದ್ದರೆ ಆಸ್ತಿ.

ಆಸ್ತಿ ಎಂಬ ಮಾತು ಭುಜಂಗನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಊರಿನಲ್ಲಿ ಒಂದು ತುಂಡು ಗದ್ದೆಯೂ ಇಲ್ಲದ ಮನುಷ್ಯ. ಮಗನಿಗೆ ಬಿಟ್ಟುಹೋಗಲು ತನ್ನ ಹತ್ತಿರವೂ ಏನೋ ಉಂಟು, ಅದೂ ಇಡೀ ಉಡುಪಿ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇಲ್ಲದ್ದು ಎಂಬ ಜಂಬ ಅವನನ್ನು ಮರುಭೂಮಿಯ ಬಿಸಿಲಿನಲ್ಲಿ ಅಷ್ಟು ವರ್ಷ ನಿಲ್ಲಿಸಿತು. ಅದನ್ನು ಜಂಬ ಎಂದು ನಗುವುದು ಸುಲಭ. ಪ್ರೀತಿಯೇ ಅದು, ಬೀಗ ಹಾಕಿಟ್ಟ ಪ್ರೀತಿ.

ಆಯುಧಪೂಜೆಯ ದಿನ ಮಾತ್ರ ಕಪಾಟು ತೆರೆಯುತ್ತಿತ್ತು. ನೆರೆಯವರು ಬೈಕು, ರಿಕ್ಷಾ ತೊಳೆದು ಹೂ ಏರಿಸುತ್ತಿದ್ದರೆ ವಾರಿಜಾ ಪೆಟ್ಟಿಗೆಗಳ ತಲೆಯ ಮೇಲೆ ಒಂದೊಂದು ಸೇವಂತಿಗೆ ಇಟ್ಟು ಕೈಮುಗಿಯುತ್ತಿದ್ದಳು. ಪುಟ್ಟ ಉಜ್ವಲ್ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೆಟ್ಟಿಗೆಯ ಪಾರದರ್ಶಕ ಹಾಳೆಗೆ ಮೂಗು ತಾಗಿಸದಂತೆ ಬಗ್ಗಿ ನೋಡುತ್ತಿದ್ದ. ಹೀಗೆ ನೋಡಬೇಕೆಂದು ಅಪ್ಪ ಫೋನಿನಲ್ಲಿ ಕಲಿಸಿಕೊಟ್ಟಿದ್ದ.

ಆರನೆಯ ವಯಸ್ಸಿನಲ್ಲಿ ಹುಡುಗ ಒಮ್ಮೆ ತಪ್ಪಿದ. ಪೂಜೆಗೆಂದು ಅಮ್ಮ ಕಪಾಟು ತೆರೆದು ಒರೆಸುವಾಗ ಅವಳ ಕಣ್ಣು ತಪ್ಪಿಸಿ ಕಿತ್ತಳೆ ಬಣ್ಣದ ಕಾರಿನ ಪೆಟ್ಟಿಗೆ ಎಳೆದುಕೊಂಡು, ಸೀಲು ಹರಿದು, ಕಾರನ್ನು ಕಡಲತೀರಕ್ಕೆ ಒಯ್ದು ಲೈಟ್‌ಹೌಸಿನ ಬುಡದ ಮರಳಿನಲ್ಲಿ ಸಂಜೆಯವರೆಗೆ ಓಡಿಸಿದ. ಗ್ರಹಚಾರಕ್ಕೆ ಆಗ ಭುಜಂಗ ರಜೆಯಲ್ಲಿ ಊರಿನಲ್ಲೇ ಇದ್ದ. ಹೊಡೆಯಲಿಲ್ಲ, ಬೈಯಲಿಲ್ಲ. ಚಕ್ರದ ಸಂದಿಯ ಮರಳನ್ನು ನೋಡಿ, "ಹಾಳಾಯಿತು, ಇನ್ನು ಇದು ಯಾವುದಕ್ಕೂ ಆಗದು," ಎಂದ. ಮರುದಿನ ಕಾರ್ಕಳದ ಅಕ್ಕನ ಮನೆಗೆ ಹೋಗುವಾಗ ಅದನ್ನು ಒಯ್ದು ಅಕ್ಕನ ಮಗ ರಿತೇಶನಿಗೆ ಕೊಟ್ಟುಬಿಟ್ಟ. ಜೊತೆಗೆ ಹೋಗಿದ್ದ ಉಜ್ವಲ್ ದಾರಿಯುದ್ದಕ್ಕೂ ಅಳಲಿಲ್ಲ. ಆ ಮೇಲೆ ಕಪಾಟಿನ ಹತ್ತಿರವೂ ಸುಳಿಯಲಿಲ್ಲ.

ಒಮ್ಮೆ ಮಾತ್ರ, ಒಂದೆರಡು ವರ್ಷ ಕಳೆದ ಮೇಲೆ, ಫೋನಿನಲ್ಲಿ ಕೇಳಿದ್ದ: "ಪಪ್ಪ, ಆ ಬೆಳ್ಳಿ ಕಾರಿನ ದೊಡ್ಡದನ್ನು ಯಾರೂ ರಸ್ತೆಯಲ್ಲಿ ಓಡಿಸಲೇ ಇಲ್ಲವಂತೆ. ಚಿಕ್ಕದನ್ನೂ ಯಾರೂ ಓಡಿಸಬಾರದಾ?"

"ಎಲ್ಲ ನಿನ್ನದೇ ಮಗ. ದೊಡ್ಡವನಾಗು, ಆಮೇಲೆ," ಎಂದಿದ್ದ ಭುಜಂಗ.

ಕಿತ್ತಳೆ ಕಾರಿನ ಪ್ರಕರಣದ ಬಳಿಕ ಬಂದೋಬಸ್ತು ಬಿಗಿಯಾಯಿತು. ಬೆಳಕು ತಾಗಿ ಬಣ್ಣ ಮಾಸದಂತೆ ಪ್ರತಿ ಪೆಟ್ಟಿಗೆಗೂ ಪೇಪರು ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿಗೆ ಟೇಪು ಅಂಟಿಸಬೇಕೆಂದು ಅಪ್ಪಣೆಯಾಯಿತು. ಕಾಪುವಿನ ಮಳೆಗಾಲವೆಂದರೆ ಗೊತ್ತಲ್ಲ, ಕಡಲ ಉಪ್ಪುಗಾಳಿಗೆ ಗೋಡೆಯೂ ಬೆವರುತ್ತದೆ. ಬೂಷ್ಟು, ಜಿರಳೆ, ನುಸಿ ಎಲ್ಲದಕ್ಕೂ ಅದು ಹಬ್ಬದ ಕಾಲ. ಅದಕ್ಕೆ ಭುಜಂಗ ಇನ್ನೊಂದು ಉಪಾಯ ಹೇಳಿದ. ಸೀರೆಯ ಮಡಿಕೆಯಲ್ಲಿ, ಕಂಬಳಿಯ ಸುರುಳಿಯಲ್ಲಿ, ಮದುವೆ ಆಲ್ಬಮ್ಮಿನ ಪಕ್ಕದಲ್ಲಿ ಇಡುತ್ತಾರಲ್ಲ, ಆ ಬಿಳಿ ನುಸಿಗುಳಿಗೆ, ಅದನ್ನು ಪೇಪರಿನ ಒಳಗೆ ತುರುಕಬೇಕು. ಪ್ರತಿವರ್ಷ ಆಟಿ ಹುಟ್ಟುವ ಮುಂಚೆ ಫೋನು ಬರುತ್ತಿತ್ತು: "ಗುಳಿಗೆ ಹಾಕಿದೆಯಾ? ಹಳೆಯದು ಕರಗಿದರೆ ಹೊಸದು ಹಾಕು. ಕಂಜೂಸಿ ಮಾಡಬೇಡ." ವಾರಿಜಾ ಟೇಪು ಬಿಡಿಸಿ, ಪೇಪರಿನ ಮಡಿಕೆಯೊಳಗೆ ಬೆರಳು ತೂರಿಸಿ ಹೊಸ ಗುಳಿಗೆ ಇಳಿಸಿ, ಮತ್ತೆ ಟೇಪು ಹಚ್ಚುತ್ತಿದ್ದಳು. ಪೇಪರು ಬಿಡಿಸಿ ಒಳಗೆ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನೋಡಲು ಅಪ್ಪಣೆಯೂ ಇರಲಿಲ್ಲ.

ಭುಜಂಗ ವಾರಿಜಳಿಂದ ಬೀಗದ ಕೈ ಇಸಿದುಕೊಂಡು ಆಸ್ಪತ್ರೆಯಿಂದ ಹೊರಬಂದು ಕಾಪುವಿಗೆ ಹೋಗುವ ಬಸ್ಸು ಹಿಡಿದ. ಮಧ್ಯಾಹ್ನದ ಹೊತ್ತಿಗೆ ಮನೆ ತಲುಪಿದಾಗ ಪಕ್ಕದ ಮನೆಯ ಡೊಮಿನಿಕ್ ತನ್ನ ಓಮ್ನಿ ತೊಳೆಯುತ್ತಿದ್ದ. ಬಾಡಿಗೆ ಓಡಿಸುವ ಮನುಷ್ಯ, ಉಜ್ವಲನನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಅವನೇ. ಒದ್ದೆ ಕೈಯಲ್ಲೇ ಹಿಂದೆ ಬಂದ.

"ಹೇಗಿದ್ದಾನೆ ಭುಜಂಗಣ್ಣ?"

"ಕಾರು ಕೇಳಿದ್ದಾನೆ," ಎಂದ ಭುಜಂಗ. ಇಬ್ಬರೂ ಒಳಗೆ ಹೋದರು.

ಬೀಗ ತೆರೆಯಿತು. ವಾಸನೆ ಮುಖಕ್ಕೆ ರಾಚಿತು. ಡೊಮಿನಿಕ್ ಕೆಮ್ಮುತ್ತ ಕಿಟಕಿ ತೆರೆದ. ಭುಜಂಗನಿಗೆ ಮಾತ್ರ ಆ ವಾಸನೆಯಿಂದ ಧೈರ್ಯ ಬಂತು. ಗುಳಿಗೆಯ ಘಾಟು ಇಷ್ಟಿದ್ದರೆ ಒಳಗೆ ಒಂದು ನುಸಿಯೂ ಹೊಕ್ಕಿರಲಾರದು. ಬೆಳ್ಳಿ ಕಾರಿನ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಮಲಗಿಸಿದ ಹಾಗೆ ಮೇಜಿನ ಮೇಲೆ ಮಲಗಿಸಿದ. ಟೇಪು ಬಿಡಿಸಿದ. ಪೇಪರು ಸರಾಗವಾಗಿ ಬರಲಿಲ್ಲ, ಅಂಟಿಕೊಂಡಿತ್ತು. ಎಳೆದಾಗ ಪೇಪರಿನ ಜೊತೆ ಪಾರದರ್ಶಕ ಹಾಳೆಯೂ ಎದ್ದು ಬಂತು. ಗುಳಿಗೆಗಳು ಒರಗಿದ್ದಲ್ಲೆಲ್ಲ ಆ ಹಾಳೆಯಲ್ಲಿ ದುಂಡಗಿನ ತೂತುಗಳಾಗಿದ್ದವು.

ಒಳಗಿದ್ದದ್ದನ್ನು ಕಾರೆಂದು ಹೇಳಲು ಅದರ ನಾಲ್ಕು ಚಕ್ರವಷ್ಟೇ ಸಾಕ್ಷಿ. ತೂತಿನಿಂದ ಜಾರಿದ ಒಂದು ಗುಳಿಗೆ ಕಾರಿನ ನೆತ್ತಿಯ ಮೇಲೆ ಕೂತು, ತನ್ನ ಅಳತೆಯದೇ ಒಂದು ಗುಳಿ ತೋಡಿಕೊಂಡು, ಆಮೇಲೆ ಸವೆದು ಸಾಸಿವೆಯಷ್ಟಾಗಿತ್ತು. ಗಾಜಿನಂತೆ ಹೊಳೆಯಬೇಕಾದ ಮುಚ್ಚಳ ಹಾಲು ಚೆಲ್ಲಿದಂತೆ ಬೆಳ್ಳಗಾಗಿ ಮೈಗೆ ಕುಸಿದಿತ್ತು. ಬೆಳ್ಳಿ ಬಣ್ಣ ಗುಳ್ಳೆ ಎದ್ದು ಬೆರಳಿಗೆ ಅಂಟಿತು. ಟಯರುಗಳು ಕರಗಿ ಕೆಳಗಿನ ಹಲಗೆಯೊಂದಿಗೆ ಒಂದಾಗಿದ್ದವು. ಮುಚ್ಚಳ ಏಳುತ್ತದೆಯೋ ಎಂದು ಭುಜಂಗ ಉಗುರು ಸಿಕ್ಕಿಸಿ ಎತ್ತಿದ. ಅದು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂದು, ನಡುವೆ ಹರಿಯಿತು.

"ಓ ದೇವರೇ," ಎಂದ ಡೊಮಿನಿಕ್.

ಭುಜಂಗ ಇನ್ನೊಂದು ಕಟ್ಟು ಎತ್ತಿದ. ಆರು ಚಕ್ರದ್ದು, ಅದರ ಬೆನ್ನು ಬಾಗಿತ್ತು. ಮತ್ತೊಂದು. ವಿಮಾನದ ಇಂಜಿನ್ನಿನದ್ದು, ಇಂಜಿನ್ನು ಒಂದು ಮುದ್ದೆ. ಆಮೇಲೆ ಅವನು ಮೆಲ್ಲಗೆ ಬಿಡಿಸುವುದನ್ನು ಬಿಟ್ಟು ಹುಚ್ಚು ಹಿಡಿದವನಂತೆ ಪೇಪರು ಹರಿಯತೊಡಗಿದ. ಗುಳಿಗೆಗಳು ನೆಲದ ಮೇಲೆ ಉರುಳಿ ಮಂಚದ ಕೆಳಗೆಲ್ಲ ಹೋದವು. ಒಂದಾದರೂ, ಒಂದೇ ಒಂದಾದರೂ ಇದ್ದೀತೆಂದು ಕಪಾಟಿನ ತಳದವರೆಗೆ ಹುಡುಕಿದ. ಯಾವುದೂ ಉಳಿದಿರಲಿಲ್ಲ. ನುಸಿ ಕಾಲಿಡದ, ಜಿರಳೆ ಮೂಸದ, ಮಗ ಮುಟ್ಟದ ಇಡೀ ಕಪಾಟನ್ನು ಗುಳಿಗೆಗಳೇ ತಿಂದು ಮುಗಿಸಿದ್ದವು.

ಅಷ್ಟರಲ್ಲಿ ಫೋನು ಹೊಡೆಯಿತು. ವಾರಿಜಾ.

"ಸಿಕ್ಕಿತಾ? ಅವನು ಕೇಳುತ್ತಾ ಇದ್ದಾನೆ."

"ಎಷ್ಟು ಗುಳಿಗೆ ಹಾಕುತ್ತಿದ್ದಿ ನೀನು?" ಎಂದ ಭುಜಂಗ.

"ಎಂತ?"

"ಗುಳಿಗೆ! ಒಂದೊಂದಕ್ಕೆ ಎಷ್ಟು ಹಾಕುತ್ತಿದ್ದಿ?"

"ನೀವು ಹೇಳಿದಷ್ಟು," ಎಂದಳು ವಾರಿಜಾ. "ಯಾಕೆ? ಎಂತ ಆಯಿತು?"

ಅವನು ಫೋನು ಕಟ್ ಮಾಡಿದ. ಒಂದು ಗಳಿಗೆ ಆ ಸಿಟ್ಟು ಹಿತವಾಗಿತ್ತು. ಹೆಂಡತಿ ಹೆಚ್ಚು ಹಾಕಿದಳು, ಅದಕ್ಕೇ ಹೀಗಾಯಿತು ಎಂದು ಮಗನಿಗೆ ಹೇಳಬಹುದು. ಹಾಕಿದ್ದು ಅವಳ ಕೈಯೇ ತಾನೆ? ಮರುಗಳಿಗೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಗ ಸಾಯುತ್ತ ಮಲಗಿರುವಾಗಲೂ ತಪ್ಪು ಹೊರಿಸಲು ಹೆಗಲು ಹುಡುಕುತ್ತಿದ್ದೇನಲ್ಲ ಎಂದುಕೊಂಡ.

"ಮಂಗಳೂರಿಗೆ ಹೋಗುವಾ? ಅಲ್ಲಿ ಮಾಲ್‌ನಲ್ಲಿ ಇಂಥದ್ದು ಸಿಗಬಹುದು," ಎಂದ ಡೊಮಿನಿಕ್.

"ಇಂಥದ್ದು ಎಲ್ಲಿಯೂ ಸಿಗುವುದಿಲ್ಲ ಮಾರಾಯ. ಸಿಗದೆ ಇರುವುದೇ ಇದರ ದೊಡ್ಡಸ್ತಿಕೆ." ಹಾಗೆ ಹೇಳುತ್ತಿರುವಾಗಲೇ ಅವನಿಗೆ ಕಿತ್ತಳೆ ಬಣ್ಣ ನೆನಪಾಯಿತು. "ಡೊಮಿನಿಕ್, ಗಾಡಿ ತೆಗೆ. ಕಾರ್ಕಳಕ್ಕೆ."

ಶಿರ್ವ, ಬೆಳ್ಮಣ್ಣು ದಾಟಿ ಓಮ್ನಿ ಓಡಿತು. ಅದು ಇರಲು ಸಾಧ್ಯವಿಲ್ಲ ಎಂದು ಭುಜಂಗ ದಾರಿಯುದ್ದಕ್ಕೂ ತನಗೇ ಹೇಳಿಕೊಂಡ. ಮರಳಿನಲ್ಲಿ ಆಡಿ ಹಾಳಾದದ್ದು, ಆಮೇಲೆ ಮಕ್ಕಳ ಕೈಗೆ ಬಿದ್ದದ್ದು. ಮಕ್ಕಳಿರುವ ಮನೆಯಲ್ಲಿ ಆಟಿಕೆಯ ಆಯುಷ್ಯ ಎಷ್ಟು? ಗುಜರಿಗೆ ಹೋಗಿರುತ್ತದೆ, ಇಲ್ಲವೇ ತೆಂಗಿನ ಬುಡದಲ್ಲಿ ಹೂತುಹೋಗಿರುತ್ತದೆ. ಅಕ್ಕನಿಗೆ ಫೋನು ಮಾಡಿ ಕೇಳಬಹುದಿತ್ತು. ಇಲ್ಲವೆಂದು ಕೇಳಬೇಕಾಗುತ್ತದೆಂಬ ಹೆದರಿಕೆಗೆ ಮಾಡಲಿಲ್ಲ.

ಅಪ್ಪಿ, ಅವನ ಅಕ್ಕ, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಗಂಡ ತೀರಿದ ಮೇಲೆ ಮನೆ, ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಒಂದೇ ದನಿಯಲ್ಲಿ ಆಳುವ ಹೆಂಗಸು. ತಮ್ಮನನ್ನು ಕಂಡವಳೇ ಕೈಯಲ್ಲಿದ್ದ ಹಪ್ಪಳ ಕೆಳಗಿಟ್ಟಳು.

"ಹುಡುಗ?"

"ಇದ್ದಾನೆ ಅಕ್ಕ. ಇದ್ದಾನೆ. ಆ ಕಿತ್ತಳೆ ಕಾರು ಉಂಟಾ?"

"ಯಾವ ಕಾರು?"

"ನಾನು ರಿತೇಶನಿಗೆ ಕೊಟ್ಟದ್ದು. ಆಗ, ಅವನು ಚಿಕ್ಕವನಿದ್ದಾಗ."

ಅಪ್ಪಿ ತಮ್ಮನ ಮುಖವನ್ನೇ ನೋಡಿದಳು. "ಹಾಳಾಯಿತು, ಬಿಸಾಡುವ ಬದಲು ಇಟ್ಟುಕೋ ಅಂತ ಹೇಳಿ ಕೊಟ್ಟದ್ದಲ್ವಾ ನೀನು? ಉಜ್ವಲ್ ನಿನ್ನ ಹಿಂದೆ ನಿಂತು ಕಾರನ್ನೇ ನೋಡುತ್ತಿದ್ದ. ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದ, ಅತ್ತೆ, ರಿತೇಶಣ್ಣನಿಗೆ ಅದನ್ನು ಪೆಟ್ಟಿಗೆಯಲ್ಲಿ ಇಡಬೇಡ ಅಂತ ಹೇಳಿ ಅಂತ. ನಿನಗೆ ಗೊತ್ತುಂಟಾ ಅದು?"

ಭುಜಂಗನಿಗೆ ಗೊತ್ತಿರಲಿಲ್ಲ.

ಅಪ್ಪಿ ಜಗಲಿಯ ಕಿಟಕಿಯ ದಂಡೆಗೆ ಕೈಹಾಕಿ, ಬೀಡಿ ಎಲೆಯ ಕತ್ತರಿ, ಔಷಧದ ಬಾಟಲಿಗಳ ನಡುವಿನಿಂದ ಒಂದನ್ನು ಎತ್ತಿಕೊಂಡು ಬಂದಳು. ಕಿತ್ತಳೆ ಬಣ್ಣ ಅಂಚುಗಳಲ್ಲಿ ಉಜ್ಜಿ ಹೋಗಿತ್ತು. ಮುಂದಿನ ಒಂದು ಗಾಜು ಇರಲಿಲ್ಲ. ಹಿಂದಿನ ಒಂದು ಚಕ್ರ ಕಳೆದು, ಅದರ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳವನ್ನು ತಂತಿಯಿಂದ ಬಿಗಿದಿದ್ದರು. ಬಾನೆಟ್ಟಿನ ಮೇಲೆ ಕುಂಕುಮದ ಕಲೆ ಒಂದರ ಮೇಲೊಂದು ಕೂತು ಕಪ್ಪಾಗಿತ್ತು.

"ಆಯುಧಪೂಜೆಗೆ ಸ್ಕೂಟರಿನ ಜೊತೆ ಇದನ್ನೂ ತೊಳೆದು ಬೊಟ್ಟು ಇಡುತ್ತೇವೆ. ರಿತೇಶ ಆಡಿದ, ಈಗ ನನ್ನ ಮಗಳ ಮಕ್ಕಳು ಬಂದಾಗ ಆಡುತ್ತಾರೆ," ಎಂದಳು ಅಪ್ಪಿ.

ಭುಜಂಗ ಅದನ್ನು ಅಂಗೈಯಲ್ಲಿ ಇಟ್ಟುಕೊಂಡ. ನೆಲದ ಮೇಲಿಟ್ಟು ತಳ್ಳಿದ. ಅದು ಓಡಿತು. ಸೋಡಾ ಮುಚ್ಚಳದ ಕಡೆಗೆ ಸ್ವಲ್ಪ ವಾಲಿ, ಕಿರ್ ಎನ್ನುತ್ತ, ಹಪ್ಪಳದ ಚಾಪೆಯವರೆಗೆ ಓಡಿ ನಿಂತಿತು. ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಭುಜಂಗ ಬಾಯಿಗೆ ಟವೆಲು ತುರುಕಿಕೊಂಡು ಅತ್ತ. ಅಪ್ಪಿ ಸಮಾಧಾನ ಹೇಳುವ ಪೈಕಿಯಲ್ಲ. "ಅಳುವುದು ಆಮೇಲೆ. ಮೊದಲು ತೆಗೆದುಕೊಂಡು ಹೋಗು," ಎಂದು ತಾನೂ ಸೀರೆ ಬದಲಿಸಿ ಓಮ್ನಿ ಹತ್ತಿದಳು.

ಹಿರಿಯಡ್ಕದಲ್ಲಿ ರಸ್ತೆ ಅಗೆದಿದ್ದರು, ಗಾಡಿ ತೆವಳಿತು. ಡೊಮಿನಿಕ್ ಹಾರ್ನ್ ಹೊಡೆದು ಎದುರಿನವರಿಂದ ಬೈಗುಳ ತಿಂದ. ಮಣಿಪಾಲ ತಲುಪುವಾಗ ಸಂಜೆಯ ಬಿಸಿಲು ವಾರ್ಡಿನ ಗೋಡೆಗೆ ಬಿದ್ದಿತ್ತು. ಉಜ್ವಲ್ ಎಚ್ಚರವಿದ್ದ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಬೆಳಿಗ್ಗೆ ಅದು ಇರಲಿಲ್ಲ.

ಭುಜಂಗ ಕಾರನ್ನು ಮಗನ ಹೊಟ್ಟೆಯ ಹತ್ತಿರ, ಹೊದಿಕೆಯ ಮೇಲೆ ಇಟ್ಟ.

ಹುಡುಗ ತುಂಬ ಹೊತ್ತು ನೋಡಿದ. ಅವನ ಕಣ್ಣು ಮಾತ್ರ ಇನ್ನೂ ಮೊದಲಿನಂತೆಯೇ ಇತ್ತು. "ಇದು ನನ್ನದು," ಎಂದ.

"ಹೌದು ಮಗ."

"ಬೆಳ್ಳಿಯದ್ದು?"

ಈ ಪ್ರಶ್ನೆಗೆ ಭುಜಂಗ ದಾರಿಯಲ್ಲೇ ಉತ್ತರ ಕಟ್ಟಿಕೊಂಡು ಬಂದಿದ್ದ. ಎಲ್ಲ ಮನೆಯಲ್ಲಿ ಭದ್ರವಾಗಿ ಉಂಟು, ನೀನು ಗುಣವಾಗಿ ಬಾ, ಆಮೇಲೆ ಒಟ್ಟಿಗೆ ತೆರೆಯುವ. ಆ 'ಆಮೇಲೆ' ನಾಲಗೆಯ ತುದಿಯವರೆಗೂ ಬಂತು. ಎಷ್ಟು ವರ್ಷ ಅದೇ ಮಾತನ್ನು ಹೇಳಿಲ್ಲ, ಇನ್ನೊಮ್ಮೆ ಹೇಳಲು ಏನು ಕಷ್ಟ? ಆದರೆ ಹೇಳಲು ಆಗಲಿಲ್ಲ.

"ಎಲ್ಲ ಕರಗಿ ಹೋಗಿದೆ ಮಗ. ಒಂದೂ ಉಳಿಯಲಿಲ್ಲ. ಗುಳಿಗೆ ತಿಂದುಹಾಕಿತು."

ವಾರಿಜಾ ಕಿಟಕಿಯಿಂದ ತಿರುಗಿದಳು. ಫೋನಿನ ಪ್ರಶ್ನೆ ಈಗ ಅವಳಿಗೆ ಅರ್ಥವಾಯಿತು. "ನಾನೇ ಹಾಕಿದ್ದು," ಎಂದಳು. "ಹೆಚ್ಚಾದರೆ ಒಳ್ಳೆಯದು ಅಂತ ಒಂದೆರಡು ಜಾಸ್ತಿಯೇ ಹಾಕುತ್ತಿದ್ದೆ."

"ಅವಳಲ್ಲ," ಎಂದ ಭುಜಂಗ. "ನಾನು ಹಾಕಿಸಿದ್ದು. ತೆರೆದು ನೋಡಲಿಕ್ಕೂ ಬಿಡಲಿಲ್ಲ. ನಿನ್ನದೆಲ್ಲವನ್ನೂ ನಾನೇ ಹಾಳು ಮಾಡಿದೆ ಮಗ."

ಬಾಗಿಲಲ್ಲಿ ನಿಂತಿದ್ದ ಅಪ್ಪಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಜ್ವಲ್ ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಜಾರಿಸಿ ಕಾರಿನ ಮೇಲೆ ಇಟ್ಟ. ಸೋಡಾ ಮುಚ್ಚಳವನ್ನು ಬೆರಳಿನಿಂದ ಮುಟ್ಟಿ ನೋಡಿದ. ನಕ್ಕನೋ ಏನೋ, ತುಟಿಯಲ್ಲಿ ರಕ್ತ ಜಿನುಗಿತು.

"ಹಾಗಾದರೆ ಇದನ್ನು ನಾನು ಹಾಳು ಮಾಡಿದ್ದೇ ಒಳ್ಳೆಯದಾಯಿತು," ಎಂದ.

ಅದರಲ್ಲಿ ಚುಚ್ಚುಮಾತು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಭುಜಂಗ ಹೇಗಾದರೂ ತಡೆದುಕೊಳ್ಳುತ್ತಿದ್ದ.

ಹುಡುಗ ಅಪ್ಪನ ಕಡೆ ನೋಡಿದ. ಹತ್ತೊಂಬತ್ತು ವರ್ಷದವನು, ಗಡ್ಡ ಬಂದು ಮದ್ದಿಗೆ ಉದುರಿಹೋದವನು, ಆರು ವರ್ಷದ ಮಗುವಿನಂತೆ ಕೇಳಿದ: "ಓಡಿಸಲಾ ಪಪ್ಪ?"

ಭುಜಂಗ ತಲೆಯಾಡಿಸಿದ. ಉಜ್ವಲ್ ತಳ್ಳಿದ, ಕಾರು ಅಲುಗಲಿಲ್ಲ. ಆ ಕೈಯಲ್ಲಿ ಅಷ್ಟು ಬಲವೂ ಉಳಿದಿರಲಿಲ್ಲ. ಆಗ ಭುಜಂಗ ಮಗನ ಕೈಯ ಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಮುಂದೆ ಸರಿಸಿದ. ಹೊದಿಕೆಯ ಮಡಿಕೆಗಳನ್ನು ಹತ್ತಿ ಇಳಿಯುತ್ತ, ಕಿರ್ ಎನ್ನುತ್ತ, ಕಾರು ಮೊಣಕಾಲಿನವರೆಗೆ ಹೋಯಿತು, ಮತ್ತೆ ಹಿಂದೆ ಬಂತು. ಹುಡುಗನಿಗೆ ನಿದ್ದೆ ಹತ್ತುವವರೆಗೂ ಇಬ್ಬರೂ ಹಾಗೆ ಓಡಿಸಿದರು.

ಮರುದಿನ ಮಧ್ಯಾಹ್ನ ಉಜ್ವಲ್ ತೀರಿಕೊಂಡ.

ಕಾಪುವಿನಲ್ಲಿ ದಹನವಾಯಿತು, ನೆಂಟರು ಬಂದರು, ಹೋದರು. ಅಪ್ಪಿ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಯುವವರೆಗೆ ನಿಂತು ಎಲ್ಲ ಕೆಲಸ ನೋಡಿಕೊಂಡು, ಪಾತ್ರೆ ತೊಳೆಸಿ ಕಾರ್ಕಳಕ್ಕೆ ಹಿಂದಿರುಗಿದಳು. ಕಿತ್ತಳೆ ಕಾರನ್ನು ಕೇಳಲಿಲ್ಲ. ಮನೆಯಲ್ಲಿ ಇಬ್ಬರೇ ಉಳಿದ ಮೇಲೆ ಭುಜಂಗನಿಗೆ ಒಂದು ವಿಚಿತ್ರ ಹೆದರಿಕೆ ಹಿಡಿಯಿತು. ಮಗನ ಬಾಲ್ಯವನ್ನು ಅವನು ಫೋನಿನಲ್ಲಿ ಕೇಳಿದ್ದೇ ಹೊರತು ನೋಡಿದವನಲ್ಲ. ಕೊನೆಯ ತಿಂಗಳುಗಳಲ್ಲಿ ಹತ್ತಿರ ಕೂತಾಗ ನೆತ್ತಿಗೆ ಮೂಗು ಹಚ್ಚಿ ಮೂಸಿದ್ದ, ಅದೊಂದೇ ಅವನದೇ ಆದ ನೆನಪು. ಅದೂ ಮರೆತುಹೋದರೆ?

ಮಗನ ಕೋಣೆಗೆ ಹೋಗಿ ಬಟ್ಟೆಯ ಕಪಾಟು ತೆರೆದ. ಕಾಲೇಜಿನ ಶರ್ಟುಗಳು ಮಡಚಿಟ್ಟಂತೆಯೇ ಇದ್ದವು. ಒಂದನ್ನು ತೆಗೆದು ಮುಖಕ್ಕೆ ಒತ್ತಿಕೊಂಡ. ನುಸಿಗುಳಿಗೆಯ ವಾಸನೆ. ಇನ್ನೊಂದು ತೆಗೆದ. ಅದೇ. ಪ್ಯಾಂಟು, ಸ್ವೆಟರು, ತಲೆದಿಂಬಿನ ಹಳೆಯ ಚೀಲ, ಎಲ್ಲವೂ ಅದೇ. ಆಟಿ ತಿಂಗಳಲ್ಲಿ, ಹುಡುಗ ಆಸ್ಪತ್ರೆಯಲ್ಲಿರುವಾಗ, ಒಂದು ದಿನದ ಮಟ್ಟಿಗೆ ಮನೆಗೆ ಬಂದಿದ್ದ ವಾರಿಜಾ ಬಟ್ಟೆಗಳನ್ನೆಲ್ಲ ಒಗೆದು ಒಣಗಿಸಿ, ಮಗ ಗುಣವಾಗಿ ಬರುವಾಗ ಬೂಷ್ಟು ಹಿಡಿಯದೆ ಇರಲೆಂದು, ಗಂಡ ಕಲಿಸಿದ ಹಾಗೆ ಗುಳಿಗೆ ಹಾಕಿಟ್ಟಿದ್ದಳು. ಇಡೀ ಕಪಾಟಿನಲ್ಲಿ ಮಗ ಎಲ್ಲಿಯೂ ಇರಲಿಲ್ಲ.

ಅವನು ಶರ್ಟುಗಳ ನಡುವೆ ನೆಲದ ಮೇಲೆ ಕೂತಿದ್ದನ್ನು ವಾರಿಜಾ ಬಾಗಿಲಲ್ಲಿ ನಿಂತು ನೋಡಿದಳು. ಏನು ಹುಡುಕುತ್ತಿದ್ದಾನೆಂದು ಕೇಳಲಿಲ್ಲ. ಒಳಗೆ ಹೋಗಿ ಆಸ್ಪತ್ರೆಯಿಂದ ತಂದ ಬಟ್ಟೆಚೀಲ ಹಿಡಿದುಕೊಂಡು ಬಂದಳು. ಅದರಲ್ಲಿ ಉಜ್ವಲ್ ಕೊನೆಗೆ ಹಾಕಿಕೊಂಡಿದ್ದ ನೀಲಿ ಶರ್ಟು ಇತ್ತು, ಅವಳು ಅದನ್ನು ಒಗೆದಿರಲಿಲ್ಲ. ಚೀಲದ ಬಾಯಿಂದ ಕಿತ್ತಳೆ ಕಾರಿನ ಮೂತಿ ಹೊರಗೆ ಕಾಣುತ್ತಿತ್ತು.

ಭುಜಂಗ ಎರಡೂ ಕೈ ಚಾಚಿದ.

ವಾರಿಜಾ ಚೀಲವನ್ನು ಎದೆಗೆ ಅವಚಿ ಹಿಡಿದೇ ನಿಂತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಒಂದು ಷರತ್ತು ಹಾಕಿದ್ದು ಅದೇ ಮೊದಲು.

"ಕೊಡುತ್ತೇನೆ," ಎಂದಳು. "ಕಪಾಟಿನಲ್ಲಿ ಇಡುವುದಿಲ್ಲ ಅಂತ ಹೇಳಿ."